ಭೂಮಿಯ ಎಣ್ಣೆ ಮುಗಿದುಹೋಗುವುದೇ?

ಮಕ್ಕಳೇ, ಹಿಂದೆ ರೇಶನ್ ಅಂಗಡಿಯಲ್ಲಿ ಸಿಗುತ್ತಿದ್ದ ಸೀಮೆಎಣ್ಣೆಯನ್ನು ನಮ್ಮ ಹಿರಿಯರು ಚಿಮಿಣಿ ಎಣ್ಣೆ ಎನ್ನುತ್ತಾರೆ. ಸೀಮೆಎಣ್ಣೆ, ಪೆಟ್ರೋಲು, ಡೀಸೆಲು, ರಸ್ತೆಗೆ ಹಾಕುವ ಡಾಮರು ಇವೆಲ್ಲ ಒಂದೇ ತಾಯಿಯ ಮಕ್ಕಳು. ಆ ತಾಯಿಯ ಹೆಸರು ಕಚ್ಚಾ ತೈಲ.

“ಇನ್ನು ಕೆಲವೇ ವರ್ಷಗಳಲ್ಲಿ ತೈಲ ಮುಗಿದುಹೋಗುತ್ತದಂತೆ” ಎಂಬ ಮಾತನ್ನು ನೀವು ಕೇಳಿರಬಹುದು. ಇದು ಹೊಸ ಮಾತಲ್ಲ. 1980ರಲ್ಲಿ ತಜ್ಞರು ಲೆಕ್ಕ ಹಾಕಿದಾಗ, ಗೊತ್ತಿರುವ ತೈಲ ಸುಮಾರು 30 ವರ್ಷಗಳಿಗೆ ಸಾಕು ಎಂದು ಕಂಡಿತು. 2010 ಬಂತು, ಹೋಯಿತು. ತೈಲ ಮುಗಿಯಲಿಲ್ಲ. 2020ರಲ್ಲಿ ಲೆಕ್ಕ ಹಾಕಿದರೆ ಸುಮಾರು 50 ವರ್ಷಗಳಿಗೆ ಸಾಕು ಎಂದಾಯಿತು! ಬಳಸಿದಷ್ಟೂ ಹೆಚ್ಚಲು ತೈಲವೇನು ಅಕ್ಷಯಪಾತ್ರೆಯೇ?

ಖಂಡಿತ ಅಲ್ಲ. ಕೋಟಿಗಟ್ಟಲೆ ವರ್ಷಗಳ ಹಿಂದೆ ಸಮುದ್ರದಲ್ಲಿದ್ದ ಅತಿ ಸಣ್ಣ ಜೀವಿಗಳು ಸತ್ತು, ತಳದ ಕೆಸರಿನಲ್ಲಿ ಹೂತುಹೋದವು. ಅವುಗಳ ಮೇಲೆ ಮಣ್ಣು ಪದರ ಪದರವಾಗಿ ಬಿತ್ತು. ಮೇಲಿನ ಭಾರಕ್ಕೆ, ಒಳಗಿನ ಬಿಸಿಗೆ ಅವು ನಿಧಾನವಾಗಿ ತೈಲವಾದವು. ಈ ತೈಲ ನೆಲದಡಿಯಲ್ಲಿ ಕೆರೆಯಂತೆ ನಿಂತಿಲ್ಲ. ಸ್ಪಂಜಿನಲ್ಲಿ ನೀರು ಇರುವಂತೆ ಕಲ್ಲಿನ ಸಣ್ಣ ಸಣ್ಣ ರಂಧ್ರಗಳಲ್ಲಿ ಅಡಗಿದೆ. ಬಾವಿ ಕೊರೆದು ತೆಗೆದರೂ ಸಾಮಾನ್ಯವಾಗಿ ಅರ್ಧಕ್ಕಿಂತ ಹೆಚ್ಚು ತೈಲ ಕಲ್ಲಿನಲ್ಲೇ ಉಳಿಯುತ್ತದೆ.

ನಮ್ಮ ಬಾವಿಗಳನ್ನೇ ನೋಡಿ. ಎಪ್ರಿಲ್, ಮೇ ತಿಂಗಳಲ್ಲಿ ಬಾವಿ ಬತ್ತಿದರೆ ಬೋರ್‌ವೆಲ್ ಕೊರೆಯಿಸುತ್ತಾರೆ. ಆಳಕ್ಕೆ ಹೋದಂತೆ ನೀರು ಸಿಗಬಹುದು, ಖರ್ಚೂ ಏರುತ್ತದೆ. ತೈಲದ ಕಥೆಯೂ ಹೀಗೆಯೇ. 1859ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಎಡ್ವಿನ್ ಡ್ರೇಕ್ ಎಂಬವರು ಕೊರೆಯಿಸಿದ ಬಾವಿಯಲ್ಲಿ ಸುಮಾರು 70 ಅಡಿಗೇ ತೈಲ ಸಿಕ್ಕಿತು. ಇಂದು ಸಾವಿರಾರು ಅಡಿ ಆಳದ ಸಮುದ್ರದ ನೀರನ್ನು ದಾಟಿ, ಅದರ ತಳವನ್ನೂ ಸಾವಿರಾರು ಅಡಿ ಕೊರೆಯುತ್ತಾರೆ. ತಜ್ಞರು ಹೇಳುವ “ಇಷ್ಟು ವರ್ಷ” ಎಂಬ ಲೆಕ್ಕ ಭೂಮಿಯಲ್ಲಿರುವ ಒಟ್ಟು ತೈಲದ್ದಲ್ಲ. ಇಂದಿನ ಯಂತ್ರಗಳಿಂದ, ಇಂದಿನ ಬೆಲೆಗೆ ತೆಗೆಯಲು ಸಾಧ್ಯವಿರುವ ತೈಲದ್ದು. ಹೊಸ ಯಂತ್ರ ಬಂದರೆ, ಬೆಲೆ ಏರಿದರೆ, ಹೊಸ ಜಾಗ ಸಿಕ್ಕಿದರೆ ಲೆಕ್ಕವೂ ಬದಲಾಗುತ್ತದೆ.

ಅಂತಹ ಒಂದು ಹೊಸ ಜಾಗ ನಮ್ಮ ದೇಶದಲ್ಲೇ ಇದೆ. 2004ರಲ್ಲಿ ರಾಜಸ್ಥಾನದ ಬಾಡ್‌ಮೇರ್ ಮರುಭೂಮಿಯಲ್ಲಿ ದೊಡ್ಡ ತೈಲ ನಿಕ್ಷೇಪ ಸಿಕ್ಕಿತು. ಆ ತೈಲದಲ್ಲಿ ಮೇಣದ ಅಂಶ ಹೆಚ್ಚು. ಚಳಿಗಾಲದ ಬೆಳಿಗ್ಗೆ ನಮ್ಮ ತೆಂಗಿನೆಣ್ಣೆ ಬಾಟಲಿಯಲ್ಲಿ ಗಟ್ಟಿಯಾಗುತ್ತದಲ್ಲವೇ? ಅದೂ ಹಾಗೆಯೇ ಗಟ್ಟಿಯಾಗುತ್ತದೆ. ಆದ್ದರಿಂದ ಗುಜರಾತಿನವರೆಗೆ ಕೊಳವೆಯನ್ನು ಬಿಸಿ ಮಾಡುತ್ತಲೇ ಸಾಗಿಸಬೇಕು.

ಆದರೆ ಒಂದೊಂದು ನಿಕ್ಷೇಪ ಬರಿದಾಗುವುದೂ ನಿಜ. ಮುಂಬಯಿಯ ಪಶ್ಚಿಮಕ್ಕೆ ಅರಬಿ ಸಮುದ್ರದಲ್ಲಿ 1974ರಲ್ಲಿ ಪತ್ತೆಯಾದ ‘ಬಾಂಬೆ ಹೈ’ಯಲ್ಲಿ 1980ರ ದಶಕದ ಕೊನೆಗೆ ಸಿಗುತ್ತಿದ್ದುದರ ಅರ್ಧದಷ್ಟೂ ಈಗ ಸಿಗುವುದಿಲ್ಲ. ನಮ್ಮ ಬಾವಿ ಮಳೆಗಾಲದಲ್ಲಿ ಮತ್ತೆ ತುಂಬುತ್ತದೆ. ತೈಲದ ಬಾವಿಗೆ ಮಳೆಗಾಲವಿಲ್ಲ.

ಹಾಗಾದರೆ ಒಂದು ದಿನ ಬೆಳಿಗ್ಗೆ ಎದ್ದಾಗ ತೈಲವೆಲ್ಲ ಖಾಲಿಯಾಗಿರುವುದೇ? ಹಾಗಾಗದು. ಅದಕ್ಕಿಂತ ಮೊದಲೇ ಅದು ಕೈಗೆ ಎಟುಕದಂತಾಗಬಹುದು. ನಮ್ಮ ಕಡಲ ತೀರದ ಎಷ್ಟೋ ದೋಣಿಗಳ ಯಂತ್ರ ಓಡುವುದು ಸೀಮೆಎಣ್ಣೆಯಿಂದ. ಬೆಲೆ ಏರಿದರೆ ಮೀನು ಮಾರಿದ ಹಣ ಎಣ್ಣೆಗೇ ಹೋಗುತ್ತದೆ. ದೋಣಿ ದಡದಲ್ಲೇ ಉಳಿಯುತ್ತದೆ. ಭೂಮಿಯಲ್ಲಿ ಎಣ್ಣೆ ಇದೆ, ದೋಣಿಯಲ್ಲಿ ಇಲ್ಲ! 1973ರಲ್ಲಿ ಅರಬ್ ದೇಶಗಳು ಕೆಲವು ದೇಶಗಳಿಗೆ ತೈಲ ಕೊಡುವುದನ್ನು ನಿಲ್ಲಿಸಿದಾಗ ಕೆಲವೇ ತಿಂಗಳಲ್ಲಿ ಬೆಲೆ ಸುಮಾರು ನಾಲ್ಕು ಪಟ್ಟಾಯಿತು. ಆಗಲೂ ನೆಲದಡಿಯ ತೈಲವೇನೂ ಬತ್ತಿರಲಿಲ್ಲ.

ಭಾರತವು ತನಗೆ ಬೇಕಾದ ಕಚ್ಚಾ ತೈಲದಲ್ಲಿ ನೂರಕ್ಕೆ 85ಕ್ಕಿಂತಲೂ ಹೆಚ್ಚು ಪಾಲನ್ನು ಹೊರದೇಶಗಳಿಂದ ಕೊಳ್ಳುತ್ತದೆ. ಅದು ನಿಂತರೆ? ಕಷ್ಟಕಾಲಕ್ಕೆಂದು ಸ್ವಲ್ಪ ತೈಲವನ್ನು ಕೂಡಿಡಲು ಮೂರು ಕಡೆ ನೆಲದಡಿಯ ಬಂಡೆಯನ್ನು ಕೊರೆದು ಭಾರಿ ಗುಹೆಗಳನ್ನು ಮಾಡಿದ್ದಾರೆ. ಅವುಗಳಲ್ಲಿ ಎರಡು ನಮಗೆ ಹತ್ತಿರವೇ ಇವೆ: ಮಂಗಳೂರಿನಲ್ಲಿ 15 ಲಕ್ಷ ಟನ್, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್ ತೈಲ ಹಿಡಿಸುತ್ತದೆ. ಮೂರನೆಯದು ವಿಶಾಖಪಟ್ಟಣದಲ್ಲಿದೆ.

ಬಂಡೆಯ ಬಿರುಕುಗಳಿಂದ ತೈಲ ಸೋರಿಹೋಗುವುದಿಲ್ಲವೇ? ನಮ್ಮ ಗುಡ್ಡಗಳ ಸುರಂಗಗಳನ್ನು ನೆನಪಿಸಿಕೊಳ್ಳಿ. ಅಲ್ಲಿ ಸುತ್ತಲಿನ ಕಲ್ಲಿನಿಂದ ನೀರು ಒಳಕ್ಕೆ ಒಸರುತ್ತದೆ. ಈ ಗುಹೆಗಳಲ್ಲೂ ಸುತ್ತಲಿನ ನೀರು ಒಳಮುಖವಾಗಿ ಒತ್ತುತ್ತದೆ. ಆದ್ದರಿಂದ ತೈಲ ಹೊರಗೆ ಹೋಗಲಾರದು. ಒಸರಿದ ನೀರು ತೈಲಕ್ಕಿಂತ ಭಾರವಾದ್ದರಿಂದ ತಳಕ್ಕೆ ಇಳಿಯುತ್ತದೆ. ಅದನ್ನು ಪಂಪಿನಿಂದ ಹೊರತೆಗೆಯುತ್ತಾರೆ. ನೀರೇ ಎಣ್ಣೆಗೆ ಕಾವಲು! ಇಷ್ಟೆಲ್ಲ ಮಾಡಿದರೂ ಮೂರು ಕಡೆಯ ಗುಹೆಗಳು ತುಂಬಿದಾಗ ಇಡೀ ದೇಶಕ್ಕೆ ಸಾಕಾಗುವುದು ಸುಮಾರು ಒಂಬತ್ತೂವರೆ ದಿನಗಳಿಗೆ ಮಾತ್ರ.

ಇನ್ನೊಂದು ಮಾತಿದೆ. ತೈಲ ಉರಿದಾಗ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರಿ ಭೂಮಿಯ ಬಿಸಿ ಏರುತ್ತಿದೆ. ಆದ್ದರಿಂದ “ಎಷ್ಟು ತೈಲ ಉಳಿದಿದೆ?” ಎಂದು ಕೇಳುತ್ತಿದ್ದ ವಿಜ್ಞಾನಿಗಳಲ್ಲಿ ಹಲವರು ಈಗ “ಎಷ್ಟನ್ನು ತೆಗೆಯದೆ ಬಿಡಬೇಕು?” ಎಂದು ಕೇಳುತ್ತಿದ್ದಾರೆ.

ಚಿಮಿಣಿ ಎಣ್ಣೆ ಬರುವ ಮೊದಲು ನಮ್ಮ ಕರಾವಳಿಯ ಮನೆಗಳಲ್ಲಿ ಹೊನ್ನೆಣ್ಣೆಯ ದೀಪ ಉರಿಯುತ್ತಿತ್ತು. ಹೊನ್ನೆ ಮರಗಳು ಈಗಲೂ ಇವೆ, ಆ ದೀಪ ಇಲ್ಲ. ಆಮೇಲೆ ವಿದ್ಯುತ್ ಬಂದು ಚಿಮಿಣಿ ದೀಪವೂ ಅಟ್ಟ ಸೇರಿತು. ನಿಮ್ಮ ಮನೆಯಲ್ಲಿ ಅದು ಯಾವ ವರ್ಷ ಆರಿತು ಎಂದು ಅಜ್ಜಿಯಲ್ಲಿ ಕೇಳಿ ಬರೆದುಕೊಂಡು ಬನ್ನಿ.