ಬೇಸಿಗೆ ರಜೆಯ ಕೈಕೆಲಸ: ಹಿಟ್ಟು, ಗರಿ, ಹುಣಸೆ ಬೀಜ

ಕರ್ನಾಟಕದ ಪ್ರಾಥಮಿಕ ಶಾಲೆಗಳಿಗೆ ಬೇಸಿಗೆ ರಜೆ ಸಾಮಾನ್ಯವಾಗಿ ಏಪ್ರಿಲ್ ಎರಡನೇ ವಾರದಲ್ಲಿ ಶುರುವಾಗಿ ಮೇ ಕೊನೆಯವರೆಗೆ ಇರುತ್ತದೆ. ಬಿಸಿಲೇರಿದ ಮಧ್ಯಾಹ್ನಗಳಲ್ಲಿ ಮೂರರಿಂದ ಎಂಟು ವರ್ಷದ ಮಕ್ಕಳನ್ನು ಮನೆಯೊಳಗೇ ಇರಿಸಿಕೊಳ್ಳಬೇಕಾಗುತ್ತದೆ. ಆ ಹೊತ್ತಿಗೆ ಮೊಬೈಲ್ ಕೈಗೆ ಕೊಡುವುದು ಸುಲಭ. ಅಂಗಡಿಯಿಂದ ಕ್ರಾಫ್ಟ್ ಕಿಟ್ ತರುವವರೂ ಇದ್ದಾರೆ. ಆದರೆ ಬಹುಪಾಲು ಕಿಟ್ಟುಗಳಲ್ಲಿ ಕತ್ತರಿಸುವುದು, ಆಕಾರ ಗೊತ್ತುಮಾಡುವುದು, ಬಣ್ಣ ಆರಿಸುವುದು ಎಲ್ಲವೂ ಕಾರ್ಖಾನೆಯಲ್ಲೇ ಮುಗಿದಿರುತ್ತದೆ. ಮಗುವಿನ ಪಾಲಿಗೆ ಉಳಿಯುವುದು ಅಂಟಿಸುವ ಕೆಲಸ. ಅಡುಗೆಮನೆ, ಹಿತ್ತಿಲು ಮತ್ತು ರದ್ದಿಯ ರಾಶಿಯಿಂದ ಸಾಮಾನು ಹೊಂದಿಸಿಕೊಂಡು ಮಾಡುವ ಕೈಕೆಲಸ ಅಗ್ಗವೂ ಹೌದು, ಮೊದಲಿಂದ ಕೊನೆಯವರೆಗೆ ಮಗುವಿನದೂ ಹೌದು.

ಯಾವ ವಯಸ್ಸಿಗೆ ಯಾವ ಕೆಲಸ ಎಂಬುದನ್ನು ಮೊದಲು ನೋಡಬೇಕು. ಮೂರು ವರ್ಷದ ಮಗುವಿಗೆ ಹರಿಯುವುದು, ಹಿಸುಕುವುದು, ಮೆತ್ತುವುದು ಚೆನ್ನಾಗಿ ಬರುತ್ತದೆ. ನಾಲ್ಕರ ಆಸುಪಾಸಿನಲ್ಲಿ ಮೊಂಡು ತುದಿಯ ಕತ್ತರಿ ಹಿಡಿದು ನೇರ ಗೆರೆಯ ಮೇಲೆ ಕತ್ತರಿಸಲು ಸಾಧ್ಯವಾಗುತ್ತದೆ. ಐದಾರು ವರ್ಷಕ್ಕೆ ಕಾಗದದ ಮೂಲೆಗೆ ಮೂಲೆ ಕೂಡಿಸಿ ಮಡಚುವಷ್ಟು ಬೆರಳು ಹದವಾಗಿರುತ್ತದೆ. ದೋಣಿ, ಟೋಪಿ, ಗಿರಗಿಟ್ಟಲೆಗಳನ್ನು ಅಲ್ಲಿಂದ ಮುಂದೆ ಕಲಿಸಬಹುದು. ಇದಕ್ಕೆ ಮೊದಲೇ ಮಡಿಕೆ ಕಲಿಸಲು ಹೊರಟರೆ ಮಡಚುವವರು ದೊಡ್ಡವರಾಗುತ್ತಾರೆ, ಮಗು ನೋಡುತ್ತ ಕೂರುತ್ತದೆ.

ತೀರಾ ಚಿಕ್ಕವರಿಗೆ ಹಿಟ್ಟಿನ ಮುದ್ದೆಗಿಂತ ಒಳ್ಳೆಯ ಸಾಮಗ್ರಿ ಇಲ್ಲ. ಎರಡು ಲೋಟ ಮೈದಾ, ಒಂದು ಲೋಟ ಪುಡಿ ಉಪ್ಪು, ಸುಮಾರು ಒಂದು ಲೋಟ ನೀರು, ಒಂದು ಚಮಚ ಎಣ್ಣೆ ಸೇರಿಸಿ ಚಪಾತಿ ಹಿಟ್ಟಿನ ಹದಕ್ಕೆ ನಾದಿದರೆ ಸಾಕು. ನೀರನ್ನು ಒಮ್ಮೆಗೇ ಸುರಿಯದೆ ಸ್ವಲ್ಪ ಸ್ವಲ್ಪವಾಗಿ ಹಾಕಬೇಕು. ಉಪ್ಪು ಇರುವುದರಿಂದ ಹಿಟ್ಟು ಬೇಗ ಹಳಸುವುದಿಲ್ಲ, ಬಾಯಿಗಿಟ್ಟ ಮಗು ತಾನೇ ಉಗುಳುತ್ತದೆ. ಅರಿಶಿನ ಹಾಕಿದರೆ ಹಳದಿ, ಬೀಟ್‌ರೂಟ್ ರಸ ಹಾಕಿದರೆ ಗುಲಾಬಿ, ಪಾಲಕ್ ರಸಕ್ಕೆ ತಿಳಿಹಸಿರು. ಮಾಡಿದ ಆಕೃತಿ ತೆಳ್ಳಗಿದ್ದರೆ ಏಪ್ರಿಲ್ ಬಿಸಿಲಲ್ಲಿ ಎರಡು ಮೂರು ದಿನಕ್ಕೆ ಗಟ್ಟಿಯಾಗುತ್ತದೆ; ದಪ್ಪಗಿದ್ದರೆ ಬಿರುಕು ಬಿಡುತ್ತದೆ. ಜೇಡಿಮಣ್ಣು ಸಿಗುವ ಊರುಗಳಲ್ಲಿ ಹಿಟ್ಟೂ ಬೇಡ. ಉತ್ತರ ಕರ್ನಾಟಕದಲ್ಲಿ ಮಣ್ಣೆತ್ತಿನ ಅಮಾವಾಸ್ಯೆಗೆ ಮಣ್ಣಿನ ಜೋಡೆತ್ತು ಮಾಡಿ ಪೂಜಿಸುವ ರೂಢಿಯಿದೆ. ಅಲ್ಲಿನ ಮಕ್ಕಳು ಮಣ್ಣಿನಲ್ಲಿ ಕೊಂಬು, ಇಣಿ, ಬಾಲ ಕೂಡಿಸುವುದನ್ನು ದೊಡ್ಡವರ ಪಕ್ಕ ಕೂತು ಕಲಿತುಬಿಡುತ್ತಾರೆ.

ಹಳೆಯ ಪತ್ರಿಕೆಗೆ ಬೇಕಾದ ಅಂಟನ್ನೂ ಮನೆಯಲ್ಲೇ ಮಾಡಬಹುದು. ಒಂದು ಪಾಲು ಮೈದಾಕ್ಕೆ ನಾಲ್ಕೈದು ಪಾಲು ನೀರು ಹಾಕಿ ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿ ಕೈಯಾಡಿಸುತ್ತ ಗಂಜಿಯಾಗುವವರೆಗೆ ಕುದಿಸಿದರೆ ಅಂಟು ಸಿದ್ಧ. ಪುಸ್ತಕಕ್ಕೆ ರಟ್ಟು ಕಟ್ಟುವವರು ಹುಳ ಹಿಡಿಯದಿರಲೆಂದು ಇಂಥ ಅಂಟಿಗೆ ಮೈಲುತುತ್ತ ಬೆರೆಸುತ್ತಿದ್ದರು. ಅದು ವಿಷ, ಮಕ್ಕಳ ಅಂಟಿಗೆ ಕೂಡದು. ಬಟ್ಟಲಿನ ಹೊರಮೈಗೆ ಎಣ್ಣೆ ಸವರಿ, ಪತ್ರಿಕೆಯ ಚೂರುಗಳನ್ನು ಅಂಟಲ್ಲಿ ಅದ್ದಿ ಐದಾರು ಪದರ ಮೆತ್ತಿ ಒಣಗಿಸಿದರೆ ಹಗುರವಾದ ಕಾಗದದ ಬಟ್ಟಲು ಕಳಚಿ ಬರುತ್ತದೆ. ಕಾಗದ ಹರಿಯುವುದೇ ಇಲ್ಲಿ ಮುಖ್ಯ ಕೆಲಸವಾದ್ದರಿಂದ ಮೂರು ವರ್ಷದ ಮಗುವೂ ಪಾಲ್ಗೊಳ್ಳಬಹುದು.

ಬಣ್ಣದ ಕೆಲಸಕ್ಕೆ ತರಕಾರಿಯ ಅಚ್ಚು ಹಳೆಯ ಉಪಾಯ. ಬೆಂಡೆಕಾಯಿಯನ್ನು ಅಡ್ಡ ಕತ್ತರಿಸಿ ಬಣ್ಣಕ್ಕೆ ಅದ್ದಿ ಒತ್ತಿದರೆ ಎಸಳೆಸಳಾದ ಹೂ ಮೂಡುತ್ತದೆ, ಈರುಳ್ಳಿಯಿಂದ ಬಳೆಯೊಳಗೆ ಬಳೆ, ಬಾಳೆದಿಂಡಿನಿಂದ ಬಲೆಯಂಥ ಚಿತ್ತಾರ. ಇದಕ್ಕಿಂತ ಮಕ್ಕಳನ್ನು ಹೆಚ್ಚು ಹೊತ್ತು ಹಿಡಿದಿಡುವುದು ಬಣ್ಣ ಬದಲಾಗುವ ಆಟ. ಅರಿಶಿನವನ್ನು ನೀರಲ್ಲಿ ಕಲಸಿ ಬಿಳಿ ಕಾಗದಕ್ಕೆ ಬಳಿದು ಒಣಗಿಸಬೇಕು. ಹತ್ತಿ ಸುತ್ತಿದ ಕಡ್ಡಿಯನ್ನು ಸೋಪಿನ ನೀರಿನಲ್ಲಿ ಅದ್ದಿ ಅದರ ಮೇಲೆ ಬರೆದರೆ ಕೆಂಪು ಅಕ್ಷರ ಮೂಡುತ್ತದೆ. ಆರತಿಯ ಓಕುಳಿ ನೀರಿಗೆ ಅರಿಶಿನದ ಜೊತೆ ಸುಣ್ಣ ಹಾಕಿದಾಗ ಕೆಂಪಾಗುವುದೂ ಇದೇ ಕಾರಣಕ್ಕೆ: ಅರಿಶಿನದ ಕರ್ಕ್ಯುಮಿನ್ ಎಂಬ ಬಣ್ಣದ ಅಂಶ ಕ್ಷಾರ ತಗುಲಿದಾಗ ಕೆಂಪಿಗೆ ತಿರುಗುತ್ತದೆ. ಕೆಂಪು ದಾಸವಾಳದ ಎಸಳನ್ನು ಕಾಗದಕ್ಕೆ ಉಜ್ಜಿದರೆ ನೇರಳೆ ಕಲೆ ಉಳಿಯುತ್ತದೆ. ಅದಕ್ಕೆ ನಿಂಬೆರಸ ಬಿದ್ದರೆ ಗುಲಾಬಿ ಬಣ್ಣ, ಅಡುಗೆ ಸೋಡಾದ ನೀರು ಬಿದ್ದರೆ ಹಸಿರು ಛಾಯೆ. ಆಮ್ಲ, ಕ್ಷಾರ ಎಂಬ ಮಾತುಗಳು ಪ್ರೌಢಶಾಲೆಯಲ್ಲಿ ಬಂದಾವು. ಕಣ್ಣಿಗೆ ಅದು ಈಗಲೇ ಪರಿಚಯವಾಗಲಿ.

ಕರಾವಳಿ, ಮಲೆನಾಡು, ಬಯಲುಸೀಮೆಯ ತೋಟದೂರುಗಳಲ್ಲಿ ತೆಂಗಿನ ಗರಿ ಇದ್ದೇ ಇರುತ್ತದೆ. ಅದರಿಂದ ವಾಚು, ಕನ್ನಡಕ, ಹಾವು, ಗಿಳಿ ಎಲ್ಲ ಹೆಣೆಯುತ್ತಾರೆ. ಮಕ್ಕಳಿಗೆ ಅಚ್ಚುಮೆಚ್ಚಿನದು ಪೀಪಿ. ಎಳೆಯ ಗರಿಯ ಒಂದು ಎಸಳಿನಿಂದ ನಡುವಿನ ಕಡ್ಡಿಯನ್ನು ಸೀಳಿ ತೆಗೆದರೆ ಎರಡು ಉದ್ದನೆಯ ಪಟ್ಟಿಗಳು ಸಿಗುತ್ತವೆ. ಒಂದು ಪಟ್ಟಿಯ ಚೂಪು ತುದಿಯನ್ನು ಬಿಗಿಯಾಗಿ ಸುತ್ತಿಕೊಂಡು, ಪ್ರತಿ ಸುತ್ತೂ ಹಿಂದಿನ ಸುತ್ತಿನ ಅರ್ಧದಷ್ಟನ್ನು ಮುಚ್ಚುವಂತೆ ಸುತ್ತುತ್ತ ಹೋದರೆ ಬಾಯಿ ಅಗಲವಾಗುವ ಕೊಳವೆ ಆಗುತ್ತದೆ. ಬಿಚ್ಚಿಕೊಳ್ಳದಂತೆ ಕೊನೆಯ ಸುತ್ತಿಗೆ ಕಡ್ಡಿಯ ಚೂರೊಂದನ್ನು ಚುಚ್ಚಬೇಕು. ಕಿರಿದಾದ ತುದಿಯನ್ನು ಬೆರಳುಗಳ ನಡುವೆ ಒತ್ತಿ ಚಪ್ಪಟೆ ಮಾಡಿ ತುಟಿಗಿಟ್ಟು ಊದಿದರೆ ಪೀಪಿ ಕೂಗುತ್ತದೆ. ಕೂಗದಿದ್ದರೆ ಬಾಯಿ ಇನ್ನೂ ತೆರೆದಿದೆ ಎಂದರ್ಥ, ಮತ್ತಷ್ಟು ಒತ್ತಬೇಕು. ಎದುರುಬದುರಾದ ಎರಡು ತೆಳು ಪದರಗಳು ಉಸಿರಿಗೆ ಅದುರುವುದರಿಂದ ಸದ್ದು ಹುಟ್ಟುತ್ತದೆ. ಶಹನಾಯಿ, ನಾಗಸ್ವರಗಳ ತತ್ವವೂ ಇದೇ. ಪೀಪಿಯನ್ನು ಉದ್ದ ಮಾಡಿದಷ್ಟೂ ದನಿ ದಪ್ಪವಾಗುತ್ತದೆ ಎಂಬುದನ್ನು ಹೇಳಿಕೊಡದೆ ಮಕ್ಕಳೇ ಕಂಡುಕೊಳ್ಳಲು ಬಿಟ್ಟರೆ ಚೆನ್ನ.

ಅಡಿಕೆ ಬೆಳೆಯುವ ಊರುಗಳಲ್ಲಿ ಉದುರಿದ ಹಾಳೆಯೇ ಒಂದು ಗಾಡಿ. ಒಬ್ಬರು ಹಾಳೆಯ ಮೇಲೆ ಕೂತರೆ ಇನ್ನೊಬ್ಬರು ಸೋಗೆ ಹಿಡಿದು ಎಳೆಯುತ್ತಾರೆ. ಹಾಳೆಯನ್ನು ನೆನೆಸಿ ಮೆತ್ತಗಾದ ಮೇಲೆ ಕಣ್ಣು, ಬಾಯಿ ಕತ್ತರಿಸಿದರೆ ಮುಖವಾಡವಾಗುತ್ತದೆ.

ಹುಣಸೆಹಣ್ಣು ಬಿಡಿಸಿದ ಮನೆಗಳಲ್ಲಿ ಬೀಜ ಬೇಸಿಗೆಯುದ್ದಕ್ಕೂ ಸಿಗುತ್ತದೆ. ಬೀಜದ ಒಂದು ಮಗ್ಗುಲನ್ನು ಒರಟು ಕಲ್ಲಿಗೆ ಉಜ್ಜಿದರೆ ಕಂದು ಸಿಪ್ಪೆ ಹೋಗಿ ಬಿಳಿ ಕಾಣುತ್ತದೆ. ಉಜ್ಜುವಾಗ ಬೀಜ ಬಿಸಿಯೇರುವುದು ಮಕ್ಕಳಿಗೆ ಮೋಜು. ಇಂಥ ನಾಲ್ಕು ಬೀಜ ಚೌಕಾಬಾರಕ್ಕೆ ಕವಡೆಯ ಬದಲು ನಡೆಯುತ್ತವೆ. ರಟ್ಟಿನ ಮೇಲೆ ಐದು ಸಾಲು, ಐದು ಕಂಬದ ಇಪ್ಪತ್ತೈದು ಮನೆ ಬರೆದು, ಹೊರಸಾಲಿನ ನಾಲ್ಕು ನಡುಮನೆಗಳಿಗೂ ಮಧ್ಯದ ಮನೆಗೂ ಕತ್ತರಿ ಗುರುತು ಹಾಕಿದರೆ ಮಣೆ ಆಯಿತು. ಬಿಳಿ ಮಗ್ಗುಲು ಮೇಲೆ ಬಿದ್ದಷ್ಟು ಮನೆ ನಡೆ. ನಾಲ್ಕೂ ಬಿಳಿಯಾದರೆ ಚೌಕ, ನಾಲ್ಕೂ ಮಗುಚಿದರೆ ಎಂಟು ಮನೆಯ ಬಾರ. ಗೆರೆ ಎಳೆಯುವುದು, ಎಣಿಸುವುದು, ಸೋಲನ್ನು ತಾಳಿಕೊಳ್ಳುವುದು ಮೂರನ್ನೂ ಈ ಆಟ ಕಲಿಸುತ್ತದೆ. ಹುಣಸೆ ಬೀಜದ ಪುಡಿಯಿಂದ ಅಂಟೂ ಆಗುತ್ತದೆ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಗೊಂಬೆ ಕಲಾವಿದರು ಮರದ ಭಾಗಗಳ ಜೋಡಣೆಯಲ್ಲಿ ಅದನ್ನು ಬಳಸುತ್ತ ಬಂದಿದ್ದಾರೆ.

ಕಸದಿಂದ ಆಟಿಕೆ ಮಾಡುವುದನ್ನು ವಿಜ್ಞಾನ ಶಿಕ್ಷಣದ ದಾರಿಯನ್ನಾಗಿ ಮಾಡಿದವರು ಅರವಿಂದ ಗುಪ್ತ. ಕಾನ್ಪುರದ ಐಐಟಿಯಲ್ಲಿ ಓದಿದ ಅವರು 1978ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದಿನ ಶಾಲಾ ವಿಜ್ಞಾನ ಕಾರ್ಯಕ್ರಮದ ಜೊತೆ ಕೆಲಸ ಮಾಡುವಾಗ, ಬೆಂಕಿಕಡ್ಡಿ ಮತ್ತು ಸೈಕಲ್ಲಿನ ವಾಲ್ವ್ ಟ್ಯೂಬಿನ ತುಂಡುಗಳಿಂದ ಆಕೃತಿ ಕಟ್ಟುವ ವಿಧಾನ ರೂಪಿಸಿದರು. ಮೂರು ಕಡ್ಡಿಯ ತ್ರಿಕೋನ ಅಲುಗಾಡದು, ನಾಲ್ಕು ಕಡ್ಡಿಯ ಚೌಕ ಒತ್ತಿದರೆ ಓರೆಯಾಗುತ್ತದೆ. ಸೇತುವೆ, ಮಾಡುಗಳಲ್ಲಿ ತ್ರಿಕೋನಗಳೇ ಏಕಿರುತ್ತವೆ ಎಂಬುದು ಮಗುವಿನ ಕೈಗೇ ತಿಳಿಯುತ್ತದೆ. ಅವರಿಗೆ 2018ರಲ್ಲಿ ಪದ್ಮಶ್ರೀ ಸಂದಿತು. ಮನೆಯಲ್ಲಿ ಇದನ್ನು ಮಾಡುವಾಗ ಕಡ್ಡಿಯ ಮದ್ದನ್ನು ಮೊದಲೇ ಕೆರೆದು ತೆಗೆದಿರಬೇಕು.

ಕೆಲವು ಎಚ್ಚರಿಕೆಗಳನ್ನು ಮರೆಯುವಂತಿಲ್ಲ. ಹುಣಸೆ ಬೀಜ, ಮಣಿ, ಗುಂಡಿಗಳು ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯವಿರುವುದರಿಂದ ಮೂರು ವರ್ಷದ ಒಳಗಿನವರ ಕೈಗೆ ಅವು ಬೇಡ. ಕೆಂಪು ಮೈ, ಕಪ್ಪು ಕಣ್ಣಿನ ಗುಲಗಂಜಿ ನೋಡಲು ಚೆಂದ, ಆದರೆ ಅಗಿದು ನುಂಗಿದರೆ ಪ್ರಾಣಕ್ಕೇ ಅಪಾಯ. ಕಣಗಿಲೆಯ ಎಲೆ, ಹೂಗಳನ್ನೂ ಉಮ್ಮತ್ತಿಯ ಕಾಯಿಯನ್ನೂ ಕೈಕೆಲಸಕ್ಕೆ ತರಲೇಬಾರದು. ಬ್ಲೇಡು, ಸೂಜಿ, ಬಿಸಿ ಅಂಟಿನ ಕೆಲಸ ದೊಡ್ಡವರದು.

ದೊಡ್ಡವರು ಮಾಡಬಾರದ ಕೆಲಸವೂ ಒಂದಿದೆ: ತಿದ್ದುವುದು. ಮಗು ಮಾಡಿದ ಆನೆಗೆ ಐದು ಕಾಲಿದ್ದರೆ ಇರಲಿ. ಸೊಟ್ಟಗಿರುವ ಬಟ್ಟಲನ್ನು ನೆಟ್ಟಗೆ ಮಾಡಿಕೊಟ್ಟ ಕೂಡಲೇ ಅದು ಅಮ್ಮನ ಬಟ್ಟಲಾಗುತ್ತದೆ, ಮಗು ಎದ್ದು ಹೋಗುತ್ತದೆ. ಮಾಡುತ್ತ ಕಲಿಯುವ ಈ ದಾರಿ ಹೊಸದಲ್ಲ. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಆಟ, ಕುಣಿತ, ನಾಟಕಗಳನ್ನು ಮಕ್ಕಳ ಕಲಿಕೆಗೆ ತಂದದ್ದು 1930ರ ದಶಕದಲ್ಲಿ. ಬೇಸಿಗೆಯಲ್ಲಿ ಮೈಸೂರಿನ ರಂಗಾಯಣ ಚಿಣ್ಣರ ಮೇಳ ನಡೆಸುತ್ತದೆ. ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ಜವಾಹರ ಬಾಲಭವನವಿದೆ. ಇಂಥ ಕಡೆ ಕಳಿಸಲಾಗದವರು ಕೊರಗಬೇಕಿಲ್ಲ. ಈ ಏಪ್ರಿಲ್‌ನಲ್ಲಿ ಒಂದು ತಿಂಗಳ ಪತ್ರಿಕೆಗಳನ್ನು ರದ್ದಿಗೆ ಹಾಕದೆ ಮಕ್ಕಳಿಗೆಂದು ತೆಗೆದಿಡಿ, ದಿನಕ್ಕೆ ಒಂದು ಗಂಟೆ ಅವರ ಪಕ್ಕದಲ್ಲಿ ಕೂತಿರಿ.