ಮೋವಾಬಿನ ಮೇಷರಾಜನ ಶಿಲಾಶಾಸನ

ಒಂದೇ ವೈರವನ್ನು ಕುರಿತು ಉಭಯಪಕ್ಷದವರ ಮಾತೂ ನಮಗೆ ದೊರೆಯುವುದು ಪ್ರಾಚೀನ ಚರಿತ್ರೆಯಲ್ಲಿ ಬಹು ವಿರಳ. ಗೆದ್ದವನ ಪ್ರಶಸ್ತಿಯು ಉಳಿಯುವುದು, ಸೋತವನ ಮಾತು ಮಣ್ಣುಪಾಲಾಗುವುದು. ಇದೇ ಲೋಕದ ರೂಢಿ. ಆದರೆ ಕ್ರಿ. ಪೂ. ೯ನೆಯ ಶತಮಾನದಲ್ಲಿ ಇಸ್ರಾಯೇಲಿಗೂ ಅದರ ನೆರೆಯ ಮೋವಾಬಿಗೂ ನಡೆದ ಹೋರಾಟದ ವಿಷಯದಲ್ಲಿ ಈ ರೂಢಿಗೆ ಒಂದು ಅಪವಾದವುಂಟು. ಇಸ್ರಾಯೇಲರ ಪಕ್ಷದ ಕಥನವು ಹಳೆಯ ಒಡಂಬಡಿಕೆಯ 'ಅರಸುಗಳು' ಎಂಬ ಎರಡನೆಯ ಗ್ರಂಥದ ೩ನೆಯ ಅಧ್ಯಾಯದಲ್ಲಿದೆ. ಮೋವಾಬಿನ ಪಕ್ಷದ ಕಥನವು ಆ ದೇಶದ ಅರಸನಾದ ಮೇಷನೇ ನಿಲ್ಲಿಸಿದ ಕರಿಗಲ್ಲಿನ ಮೇಲೆ ಇದೆ. ಇವೆರಡನ್ನೂ ಎದುರೆದುರಾಗಿ ಇರಿಸಿ ಓದಿದಲ್ಲಿ ನಮಗೆ ತಿಳಿಯುವುದೆಷ್ಟು, ಗ್ರಂಥ ಮತ್ತು ಶಾಸನ ಇವುಗಳ ಪರಸ್ಪರ ಸಾಕ್ಷ್ಯವನ್ನು ಯಾವ ಎಚ್ಚರಿಕೆಯಿಂದ ತೂಗಬೇಕು ಎಂಬುದನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶವಾಗಿದೆ.

ಮೊದಲು ದೇಶದ ಸ್ವರೂಪವನ್ನು ತಿಳಿಯಬೇಕು. ಸಮುದ್ರಮಟ್ಟಕ್ಕಿಂತ ೪೦೦ ಮೀಟರಿಗೂ ಹೆಚ್ಚು ತಗ್ಗಿನಲ್ಲಿರುವ ಮೃತಸಮುದ್ರದ ಪೂರ್ವ ದಂಡೆಯಿಂದ ನೆಲವು ಕಡಿದಾಗಿ ಮೇಲೇರಿ ವಿಶಾಲವಾದ ಪ್ರಸ್ಥಭೂಮಿಯಾಗುತ್ತದೆ. ಇದೇ ಮೋವಾಬ್; ಇಂದಿನ ಜೋರ್ಡಾನ್ ರಾಜ್ಯದ ಒಂದು ಭಾಗ. ಗೋಧಿ ಬೆಳೆಯುವುದಕ್ಕೂ ಕುರಿ ಮೇಯಿಸುವುದಕ್ಕೂ ಇದು ಒಳ್ಳೆಯ ನೆಲ. ಈ ಪ್ರಸ್ಥಭೂಮಿಯನ್ನು ಅರ್ನೋನ್ ಎಂಬ ಹೊಳೆಯು ಆಳವಾದ ಕಮರಿಯನ್ನು ಕೊರೆದು ಎರಡಾಗಿ ಸೀಳಿದೆ. ಈಗಿನವರು ಅದನ್ನು ವಾದಿ ಮುಜಿಬ್ ಎಂದು ಕರೆಯುತ್ತಾರೆ. ಕಮರಿಯ ದಕ್ಷಿಣಭಾಗವು ಮೋವಾಬ್ಯರದೆಂಬುದರಲ್ಲಿ ವಿವಾದವಿರಲಿಲ್ಲ. ಉತ್ತರದ ಬಯಲಾದರೋ, ಎಂದರೆ ದೀಬೋನ್, ಮೇದೆಬಾ, ನೆಬೋ ಮುಂತಾದ ಊರುಗಳಿದ್ದ ಸೀಮೆಯು, ಬಲವುಳ್ಳವನ ಕೈಗೆ ಬೀಳುತ್ತಿದ್ದಿತು. ಮೇಷನ ಶಾಸನದಲ್ಲಿ ಬರುವ ಜಗಳದ ಬಹುಪಾಲು ಈ ಉತ್ತರದ ಬಯಲಿಗಾಗಿ ನಡೆದ ಜಗಳವೇ.

ಶಾಸನವು ಬೆಳಕಿಗೆ ಬಂದ ಸಂಗತಿಯು ಸ್ವತಃ ಒಂದು ದುಃಖಾಂತ ಕಥೆಯಾಗಿದೆ. ೧೮೬೮ನೆಯ ಇಸವಿ ಆಗಸ್ಟ್ ತಿಂಗಳಲ್ಲಿ ಕ್ಲೈನ್ ಎಂಬ ಕ್ರೈಸ್ತ ಮಿಶನರಿಯು ಆ ಸೀಮೆಯಲ್ಲಿ ಸಂಚರಿಸುತ್ತಿದ್ದಾಗ, ಪ್ರಾಚೀನ ದೀಬೋನಿನ ಸ್ಥಾನವಾದ ಧಿಬಾನದ ಹಾಳುಗಳ ನಡುವೆ ಬಿದ್ದಿದ್ದ ಈ ಕಲ್ಲನ್ನು ಬೆದುಯಿನ್ ಜನರು ಅವನಿಗೆ ತೋರಿಸಿದರು. ಕಲ್ಲನ್ನು ಅಖಂಡವಾಗಿ ಕಂಡ ಯೂರೋಪಿಯನನು ಅವನೊಬ್ಬನೇ. ವಾರ್ತೆಯು ಯೆರೂಸಲೇಮಿಗೆ ಮುಟ್ಟಿದೊಡನೆ, ಬರ್ಲಿನ್ನಿನ ವಸ್ತುಸಂಗ್ರಹಾಲಯಕ್ಕಾಗಿ ಕಲ್ಲನ್ನು ಪಡೆಯಲು ಪ್ರಷ್ಯಾ ದೇಶದ ಪ್ರತಿನಿಧಿಯು ಯತ್ನಮಾಡತೊಡಗಿದನು. ಫ್ರೆಂಚ್ ದೂತಾವಾಸದಲ್ಲಿದ್ದ ತರುಣ ವಿದ್ವಾಂಸ ಕ್ಲೆರ್ಮೋ-ಗನೋ ಎಂಬವನಿಗೂ ವಿಷಯವು ತಿಳಿಯಿತು. ಅವನು ಕಲ್ಲಿಗಿಂತ ಮೊದಲು ಅಕ್ಷರಗಳನ್ನು ಉಳಿಸಿಕೊಳ್ಳಬೇಕೆಂದೆಣಿಸಿ, ಯಾಕೂಬ್ ಕರವಾಕ ಎಂಬವನನ್ನು ೧೮೬೯ರ ಕೊನೆಯಲ್ಲಿ ಕಳುಹಿಸಿದನು. ಒದ್ದೆಯ ಕಾಗದವನ್ನು ಕಲ್ಲಿನ ಮೇಲೆ ಒತ್ತಿ ಅಚ್ಚು ತೆಗೆದು, ಅದು ಒಣಗುವುದನ್ನು ಕಾದಿದ್ದಾಗ, ಅಲ್ಲಿದ್ದವರಲ್ಲಿ ಕಲಹವುಂಟಾಯಿತು. ಯಾಕೂಬನಿಗೆ ಈಟಿಯ ಗಾಯವಾಯಿತು. ಅವನ ಸಂಗಡಿಗನಾದ ಸವಾರನೊಬ್ಬನು ಇನ್ನೂ ಒದ್ದೆಯಾಗಿದ್ದ ಕಾಗದವನ್ನು ಕಲ್ಲಿನಿಂದ ಕಿತ್ತುಕೊಂಡು ಕುದುರೆಯೇರಿ ಪಾರಾದನು. ಅಚ್ಚು ಏಳು ಚೂರಾಗಿತ್ತು, ಆದರೆ ಉಳಿಯಿತು.

ಕಲ್ಲು ಉಳಿಯಲಿಲ್ಲ. ಅದನ್ನು ಒಪ್ಪಿಸಬೇಕೆಂದು ಒಟ್ಟೋಮನ್ ಅಧಿಕಾರಿಗಳ ಒತ್ತಾಯ ಹೆಚ್ಚಿದಂತೆ, ಆ ಸರ್ಕಾರದ ಮೇಲೆ ಮೊದಲೇ ಕಡುದ್ವೇಷವಿದ್ದ ಬೆನಿ ಹಮೀದ ಕುಲದವರು ಕಲ್ಲನ್ನು ಬೆಂಕಿಯಲ್ಲಿ ಕಾಯಿಸಿ, ಮೇಲೆ ತಣ್ಣೀರನ್ನು ಸುರಿದು ಒಡೆದುಹಾಕಿದರು. ಚೂರುಗಳನ್ನು ತಮ್ಮ ತಮ್ಮಲ್ಲಿ ಹಂಚಿಕೊಂಡು ಕಣಜಗಳಲ್ಲಿ ಇಟ್ಟರು. ಇದನ್ನು ಕೇವಲ ಅಜ್ಞಾನದ ಕೃತ್ಯವೆಂದು ಬಗೆಯುವುದು ನ್ಯಾಯವಲ್ಲ. ತಮ್ಮ ನೆಲದ ವಸ್ತುವಿಗಾಗಿ ದೂರದೇಶದವರು ಪೈಪೋಟಿ ನಡೆಸುತ್ತಿರುವುದನ್ನೂ, ತಾವು ದ್ವೇಷಿಸುತ್ತಿದ್ದ ಅಧಿಕಾರವು ಅದನ್ನು ಬಲಾತ್ಕಾರದಿಂದ ಕೇಳುತ್ತಿರುವುದನ್ನೂ ಕಂಡವರ ಕೋಪವಿದು. ಅನಂತರ ಕ್ಲೆರ್ಮೋ-ಗನೋ, ಇಂಗ್ಲಿಷರ ಪಕ್ಷದ ಚಾರ್ಲ್ಸ್ ವಾರೆನ್ ಇವರಿಬ್ಬರೂ ಚೂರುಗಳನ್ನು ಕೊಂಡು ಸಂಗ್ರಹಿಸಿದರು. ಹೀಗೆ ಮೂಲದ ಮೂರರಲ್ಲಿ ಸುಮಾರು ಎರಡು ಪಾಲು ದೊರೆಯಿತು. ಮಿಕ್ಕುದನ್ನು ಹರಿದ ಕಾಗದದ ಅಚ್ಚಿನ ಆಧಾರದಿಂದ ಗಾರೆಯಲ್ಲಿ ತುಂಬಿ, ೧೮೭೩ರಲ್ಲಿ ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿ ಇರಿಸಿದರು.

ಶಾಸನವು ಸುಮಾರು ೧.೧೫ ಮೀಟರ್ ಎತ್ತರವುಳ್ಳ, ಮೇಲ್ತುದಿ ಕಮಾನಿನಂತೆ ಬಾಗಿದ, ಕರಿಯ ಬಸಾಲ್ಟ್ ಶಿಲೆಯ ಮೇಲೆ ೩೪ ಸಾಲುಗಳಲ್ಲಿದೆ. ಕಾಲವು ಸುಮಾರು ಕ್ರಿ. ಪೂ. ೮೪೦. ಅಕ್ಷರಗಳು ಅಂದಿನ ಇಸ್ರಾಯೇಲರು ಬರೆಯುತ್ತಿದ್ದ ಲಿಪಿಯವೇ. ಬಲದಿಂದ ಎಡಕ್ಕೆ ಸಾಗುತ್ತವೆ. ಪದಗಳ ನಡುವೆ ಚುಕ್ಕೆಯನ್ನೂ, ವಾಕ್ಯಗಳ ನಡುವೆ ನಿಂತ ಗೀಟನ್ನೂ ಇಟ್ಟಿರುವುದು ಓದುವವರಿಗೆ ಬಹಳ ಅನುಕೂಲವಾಗಿದೆ. ಭಾಷೆಯು ಹೀಬ್ರೂವಿಗೆ ಸೋದರಿ. ಹೀಬ್ರೂ ಬಲ್ಲವರು ಇದನ್ನು ಹೆಚ್ಚು ಶ್ರಮವಿಲ್ಲದೆ ಅರ್ಥಮಾಡಿಕೊಳ್ಳಬಲ್ಲರು. ಆದರೂ ಭೇದಗಳಿಲ್ಲದಿಲ್ಲ: ಹೀಬ್ರೂವಿನಲ್ಲಿ ಪುಲ್ಲಿಂಗ ಬಹುವಚನವು ಮಕಾರಾಂತವಾದರೆ ಇಲ್ಲಿ ನಕಾರಾಂತ, ಹೀಬ್ರೂವಿನಲ್ಲಿ ವರ್ಷಕ್ಕೆ 'ಶಾನಾ' ಎಂದಿದ್ದರೆ ಇಲ್ಲಿ ಸ್ತ್ರೀಲಿಂಗದ ತಕಾರವು ಉಳಿದು 'ಶತ್' ಎಂಬ ರೂಪವಿದೆ. ಮೋವಾಬೀ ಭಾಷೆಯ ಸ್ವರೂಪವನ್ನು ನಾವು ಅರಿತಿರುವುದು ಬಹುಮಟ್ಟಿಗೆ ಈ ಒಂದೇ ಶಾಸನದಿಂದ.

ಇನ್ನು ವಿಷಯ. ಅರಸನು ಉತ್ತಮಪುರುಷದಲ್ಲಿ ತಾನೇ ಮಾತನಾಡುತ್ತಾನೆ. ತಾನು ಮೋವಾಬಿನ ಅರಸನೂ ದೀಬೋನಿನವನೂ ಆದ ಮೇಷನೆಂದೂ, ತನ್ನ ತಂದೆಯು ಮೂವತ್ತು ವರ್ಷ ಆಳಿದನೆಂದೂ, ತಾನು ದೇವತೆಯಾದ ಕೆಮೋಷನಿಗೆ ಈ ಪೂಜಾಸ್ಥಾನವನ್ನು ಕಟ್ಟಿಸಿದನೆಂದೂ ಹೇಳಿಕೊಳ್ಳುತ್ತಾನೆ. ಇಸ್ರಾಯೇಲಿನ ಅರಸನಾದ ಒಮ್ರಿಯು ಮೋವಾಬನ್ನು ಬಹುಕಾಲ ಪೀಡಿಸಿದನು. ಅದಕ್ಕೆ ಕಾರಣ ಕೆಮೋಷನು ತನ್ನ ದೇಶದ ಮೇಲೆ ಕೋಪಗೊಂಡಿದ್ದುದು. ಒಮ್ರಿಯ ಮಗನೂ ಹಾಗೆಯೇ ಪೀಡಿಸಬಯಸಿದನು. ಒಮ್ರಿಯ ಕಾಲವೂ ಮಗನ ಕಾಲದ ಅರ್ಧವೂ ಸೇರಿ ನಲವತ್ತು ವರ್ಷ ಮೇದೆಬಾ ಸೀಮೆಯು ಇಸ್ರಾಯೇಲರ ವಶದಲ್ಲಿದ್ದು, ಮೇಷನ ಕಾಲದಲ್ಲಿ ಕೆಮೋಷನ ಕೃಪೆಯಿಂದ ಮರಳಿತು.

ಆಮೇಲೆ ದಂಡಯಾತ್ರೆಗಳ ವರ್ಣನೆ. ಅಟಾರೋತಿನ ಸೀಮೆಯಲ್ಲಿ ಗಾದ್ ಕುಲದವರು ಪುರಾತನಕಾಲದಿಂದ ವಾಸಿಸುತ್ತಿದ್ದರೆಂದು ಮೇಷನು ಒಪ್ಪಿಕೊಳ್ಳುತ್ತಾನೆ. ಆದರೂ ಊರನ್ನು ಹಿಡಿದು ಅಲ್ಲಿನ ಜನರನ್ನೆಲ್ಲ ಕೊಂದನು. ಕೆಮೋಷನ ಆಜ್ಞೆಯಂತೆ ರಾತ್ರಿಯಲ್ಲಿ ನೆಬೋ ಊರಿಗೆ ನಡೆದು, ಬೆಳಗಿನಿಂದ ನಡುಹಗಲಿನವರೆಗೆ ಕಾದಿ, ಗಂಡುಹೆಣ್ಣೆನ್ನದೆ ಏಳು ಸಾವಿರ ಜನರನ್ನು ಕೊಂದು ದೇವತೆಗೆ ಮೀಸಲಾಗಿಸಿದನು. ಅಲ್ಲಿದ್ದ ಯೆಹೋವನ ಪರಿಕರಗಳನ್ನು ಕೆಮೋಷನ ಮುಂದಕ್ಕೆ ಎಳೆದುತಂದನು. ಯೆಹೋವ ಎಂಬ ದೇವನಾಮದ ಉಲ್ಲೇಖಗಳಲ್ಲಿ, ಬೈಬಲ್ಲಿನ ಹೊರಗೆ ನಿಸ್ಸಂದೇಹವಾಗಿ ಓದಬರುವವುಗಳಲ್ಲಿ, ಇದೇ ಅತ್ಯಂತ ಹಳೆಯದು. ಅದೂ ಶತ್ರುವಿನ ಬಾಯಿಂದ ಬಂದುದು. ಬಳಿಕ ಅರಸನು ತಾನು ಕಟ್ಟಿಸಿದ ಕೋಟೆ, ಬಾಗಿಲು, ಗೋಪುರ, ಅರಮನೆಗಳನ್ನೂ, ಅರ್ನೋನಿನ ಬಳಿ ಮಾಡಿಸಿದ ಹೆದ್ದಾರಿಯನ್ನೂ ಎಣಿಸುತ್ತಾನೆ. ಕರ್ಹೋ ಎಂಬಲ್ಲಿ ಮಳೆನೀರಿನ ತೊಟ್ಟಿಯಿಲ್ಲದುದನ್ನು ಕಂಡು, ಪ್ರತಿಯೊಬ್ಬನೂ ತನ್ನ ಮನೆಯಲ್ಲಿ ಒಂದು ತೊಟ್ಟಿಯನ್ನು ತೋಡಿಸಿಕೊಳ್ಳಬೇಕೆಂದು ವಿಧಿಸಿದ ಮಾತು, ರಕ್ತಪಾತದ ಈ ಪಟ್ಟಿಯ ನಡುವೆ ಆಳುವವನ ನಿತ್ಯದ ಚಿಂತೆಯನ್ನು ತೋರಿಸುತ್ತದೆ.

ಈಗ ಗ್ರಂಥದ ಕಡೆಗೆ ತಿರುಗೋಣ. ಅಲ್ಲಿ ಮೇಷನು ಕುರಿಹಿಂಡುಗಳ ಒಡೆಯ. ಇಸ್ರಾಯೇಲಿನ ಅರಸನಿಗೆ ಒಂದು ಲಕ್ಷ ಕುರಿಮರಿಗಳನ್ನೂ, ಒಂದು ಲಕ್ಷ ಟಗರುಗಳ ಉಣ್ಣೆಯನ್ನೂ ಕಪ್ಪವಾಗಿ ಕೊಡುತ್ತಿದ್ದನು. ಒಮ್ರಿಯ ಮಗನಾದ ಅಹಾಬನು ಸತ್ತ ಮೇಲೆ ತಿರುಗಿಬಿದ್ದನು. ಆಗ ಅಹಾಬನ ಮಗ ಯೆಹೋರಾಮನು ಯೆಹೂದದ ಅರಸ ಯೆಹೋಷಾಫಾಟನನ್ನೂ ಎದೋಮಿನ ಅರಸನನ್ನೂ ಕೂಡಿಕೊಂಡು, ದಕ್ಷಿಣದ ಮಾರ್ಗವಾಗಿ ಏಳು ದಿನ ಸುತ್ತಿ ಮೋವಾಬಿನ ಮೇಲೆ ನಡೆದನು. ಮೂವರೂ ಊರುಗಳನ್ನು ಕೆಡವಿ ಕೀರ್ ಹರೆಷೆತ್ ಕೋಟೆಯನ್ನು ಮುತ್ತಿದರು. ಬೇರೆ ದಾರಿ ಕಾಣದೆ ಮೇಷನು ತನ್ನ ಜ್ಯೇಷ್ಠಪುತ್ರನನ್ನು ಕೋಟೆಯ ಗೋಡೆಯ ಮೇಲೆ ಬಲಿಯಾಗಿ ಅರ್ಪಿಸಿದನು. ಆಗ ಇಸ್ರಾಯೇಲಿನ ಮೇಲೆ ಮಹಾಕೋಪವುಂಟಾಯಿತೆಂದೂ, ಅವರು ಹಿಂತೆರಳಿದರೆಂದೂ ಹೇಳಿ ಅಧ್ಯಾಯವು ಮುಗಿಯುತ್ತದೆ. ಆ ಕೋಪವು ಯಾರದೆಂಬುದನ್ನು ಗ್ರಂಥಕಾರನು ಹೇಳಿಲ್ಲ.

ಎರಡು ಕಥನಗಳಿಗೂ ಸಮಾನವಾದ ಅಂಶಗಳು ಸ್ಪಷ್ಟವಾಗಿವೆ. ಮೇಷನೆಂಬ ಅರಸನಿದ್ದನು, ಮೋವಾಬು ಒಮ್ರಿಯ ವಂಶಕ್ಕೆ ಅಧೀನವಾಗಿದ್ದಿತು, ಆ ಅಧೀನತೆಯನ್ನು ಅವನು ಕಿತ್ತೊಗೆದನು, ಇಸ್ರಾಯೇಲರಿಂದ ಅದನ್ನು ಮತ್ತೆ ಸ್ಥಾಪಿಸಲಾಗಲಿಲ್ಲ. ಗಾದ್ಯರು ಅಟಾರೋತಿನಲ್ಲಿದ್ದರೆಂಬ ಶಾಸನದ ಮಾತು, ಅವರು ದೀಬೋನ್, ಅಟಾರೋತ್, ಅರೋಯೇರ್ ಊರುಗಳನ್ನು ಕಟ್ಟಿದರೆಂಬ 'ಅರಣ್ಯಕಾಂಡ'ದ ಮಾತಿಗೆ ಹೊಂದುತ್ತದೆ. ಇದಕ್ಕಿಂತ ಮುಖ್ಯವಾದುದು ಇನ್ನೊಂದು. ಯೆಶಾಯ, ಯೆರೆಮೀಯ ಪ್ರವಾದಿಗಳ ಗ್ರಂಥಗಳಲ್ಲಿ ಮೋವಾಬಿನ ವಿಪತ್ತನ್ನು ಕುರಿತ ಅಧ್ಯಾಯಗಳು ದೀಬೋನ್, ನೆಬೋ ಊರುಗಳನ್ನು ಮೋವಾಬಿನ ಊರುಗಳೆಂದೇ ಎಣಿಸುತ್ತವೆ. ಎಂದರೆ ಮೇಷನು ಗೆದ್ದುದು ಮುಂದೆಯೂ ಮೋವಾಬಿನ ಕೈಯಲ್ಲಿ ಉಳಿಯಿತೆಂಬುದಕ್ಕೆ ಎದುರುಪಕ್ಷದ ಗ್ರಂಥವೇ ಸಾಕ್ಷಿ.

ಭೇದಗಳೂ ಅಷ್ಟೇ ಸ್ಪಷ್ಟ. ದಂಗೆಯು ಒಮ್ರಿಯ ಮಗನ ಆಳಿಕೆಯ ಮಧ್ಯದಲ್ಲಿಯೇ ಆಯಿತೆಂದು ಕಲ್ಲು ಹೇಳುವುದು. ಅವನ ಮರಣಾನಂತರವೆಂದು ಗ್ರಂಥ. ಗ್ರಂಥದ ಲೆಕ್ಕದಂತೆ ಒಮ್ರಿ ಆಳಿದುದು ೧೨ ವರ್ಷ, ಅಹಾಬನು ೨೨ ವರ್ಷ. ಒಮ್ರಿಯ ಕಾಲಕ್ಕೆ ಅಹಾಬನ ಅರ್ಧವನ್ನು ಕೂಡಿಸಿದರೆ ೨೩ ಆಗುವುದೇ ಹೊರತು ೪೦ ಆಗದು. ಮಗ ಎಂಬ ಪದಕ್ಕೆ ಮೊಮ್ಮಗನೆಂಬ ಅರ್ಥವಿರಬಹುದೆಂದೂ, ನಲವತ್ತು ಎಂಬುದು ಒಂದು ತಲೆಮಾರನ್ನು ಸೂಚಿಸುವ ರೂಢಿಯ ಸಂಖ್ಯೆಯೆಂದೂ ಪಂಡಿತರು ಸಮಾಧಾನ ಹೇಳಿದ್ದಾರೆ. ಮೂವರು ಅರಸರ ದಂಡಯಾತ್ರೆಯನ್ನಾಗಲಿ ಮಗನ ಬಲಿಯನ್ನಾಗಲಿ ಶಾಸನವು ಹೇಳುವುದಿಲ್ಲ. ಅಟಾರೋತ್ ನೆಬೋಗಳ ಸಂಹಾರವನ್ನು ಗ್ರಂಥವು ಹೇಳುವುದಿಲ್ಲ. ನಮ್ಮ ಐಹೊಳೆಯ ಪ್ರಶಸ್ತಿ ಮೊದಲಾದವನ್ನು ಓದಿ ಬಲ್ಲ ವಾಚಕರಿಗೆ ಇದರಲ್ಲಿ ಆಶ್ಚರ್ಯವೇನೂ ತೋರದು. ಪ್ರಶಸ್ತಿಯು ಗೆಲವನ್ನು ಹಾಡುವುದಕ್ಕೆ ಹುಟ್ಟಿದುದು. ಅದರ ಮೌನವನ್ನು ನಿಷೇಧವೆಂದು ತಿಳಿಯಲಾಗದು. ಇಸ್ರಾಯೇಲು ಎಂದೆಂದಿಗೂ ನಾಶವಾಯಿತೆಂದು ಮೇಷನು ಹೇಳಿಕೊಂಡ ಮೇಲೆ ಆ ರಾಜ್ಯವು ಒಂದು ಶತಮಾನಕ್ಕೂ ಹೆಚ್ಚು ಕಾಲ ಬಾಳಿತು.

ಭೇದಗಳಿಗಿಂತ ಹೆಚ್ಚು ಚಿಂತನೀಯವಾದುದು ಇವರಿಬ್ಬರ ಮನೋಧರ್ಮದ ಸಾಮ್ಯ. ಸೋಲಿಗೆ ಕಾರಣ ಶತ್ರುವಿನ ಬಲವಲ್ಲ, ತಮ್ಮ ದೇವರ ಕೋಪ ಎಂಬುದು ಬೈಬಲ್ಲಿನ ಇತಿಹಾಸಕಾರರ ನಿರಂತರವಾದ ವಾದ, ಮೇಷನದೂ ಅದೇ. ಹಿಡಿದ ಊರಿನ ಪ್ರಜೆಯನ್ನು ದೇವರಿಗೆ ಮೀಸಲೆಂದು ಸಂಹರಿಸುವುದಕ್ಕೆ ಹೀಬ್ರೂ ಗ್ರಂಥಗಳಲ್ಲಿ ಬರುವ ಧಾತುವೇ ಶಾಸನದಲ್ಲಿಯೂ ಬಂದಿದೆ. ದೇವರು ಆಜ್ಞಾಪಿಸುವನು, ಅರಸನು ನಡೆಸುವನು, ಲೂಟಿಯು ದೇವಸನ್ನಿಧಿಗೆ ಸೇರುವುದು. ದೇವನಾಮವನ್ನು ಬದಲಿಸಿದಲ್ಲಿ ಎಷ್ಟೋ ವಾಕ್ಯಗಳು ಎರಡು ಕಡೆಯಲ್ಲಿಯೂ ಸಲ್ಲಬಹುದು. ಹಗೆಗಳಾದ ಈ ಎರಡು ಜನಾಂಗಗಳು ಒಂದೇ ಲಿಪಿಯನ್ನು ಬರೆದು, ಹೆಚ್ಚುಕಡಿಮೆ ಒಂದೇ ನುಡಿಯನ್ನಾಡಿ, ಜಯಾಪಜಯಗಳನ್ನು ಒಂದೇ ರೀತಿಯಲ್ಲಿ ಅರ್ಥೈಸಿಕೊಂಡವೆಂಬುದನ್ನು ಈ ಕಲ್ಲಿಲ್ಲದೆ ಇಷ್ಟು ನಿಶ್ಚಯವಾಗಿ ಅರಿಯುವುದು ಸಾಧ್ಯವಿರಲಿಲ್ಲ.

ಶಾಸನವು ದೊರೆತ ಮೇಲೆ ಭೂಮಿಯು ಮತ್ತಷ್ಟು ಸಾಕ್ಷ್ಯವನ್ನು ನೀಡಿದೆ. ಮೇಷನ ತಂದೆಯ ಹೆಸರಿನ ಉತ್ತರಾರ್ಧವು ಕಲ್ಲಿನಲ್ಲಿ ಅಳಿದಿತ್ತು. ಕೆರಕ್ ಎಂಬಲ್ಲಿ ೧೯೫೮ರಲ್ಲಿ ದೊರೆತ ಇನ್ನೊಂದು ಶಾಸನಖಂಡದಲ್ಲಿ ಮೋವಾಬಿನ ಅರಸನ ಹೆಸರು ಕೆಮೋಷ್‌ಯತ್ ಎಂದು ತೋರಿಬಂದುದರಿಂದ ಆ ಲೋಪವು ತುಂಬಿತು. ಅಟಾರೋತಿನ ಸ್ಥಾನವೆಂದು ಗುರುತಿಸಿರುವ ಖಿರ್ಬೆತ್ ಅಟಾರುಸಿನಲ್ಲಿ ಅಗೆದಾಗ ದೊಡ್ಡ ದೇವಾಲಯವೊಂದೂ, ಮೋವಾಬೀ ಲಿಪಿಯ ಬರವಣಿಗೆಯುಳ್ಳ ಕಲ್ಲಿನ ಬಲಿಪೀಠವೂ ಕಂಡುಬಂದಿವೆ. ಪೀಠದ ಬರಹವು ೨೦೧೯ರಲ್ಲಿ ಪ್ರಕಟವಾಯಿತು. ಊರು ಮೋವಾಬ್ಯರ ವಶಕ್ಕೆ ಬಂದಿತೆಂಬ ಮೇಷನ ಮಾತಿಗೆ ಇದು ಪುಷ್ಟಿಕೊಡುತ್ತದೆ.

ತೀರದ ವಿವಾದವೂ ಒಂದುಂಟು. ೩೧ನೆಯ ಸಾಲಿನಲ್ಲಿ, ದಕ್ಷಿಣದ ಹೊರೊನಯಿಮ್ ಊರಿನ ಪ್ರಸಂಗದಲ್ಲಿ, ಕೆಲವು ಅಕ್ಷರಗಳು ಸವೆದುಹೋಗಿವೆ. ಅಲ್ಲಿ 'ದಾವೀದನ ಮನೆತನ' ಎಂದು ಓದಬೇಕೆಂದು ಆಂದ್ರೆ ಲೆಮೇರ್ ಅವರು ೧೯೯೪ರಲ್ಲಿ ಸೂಚಿಸಿದರು. ಹಾಗಾದಲ್ಲಿ ಯೆಹೂದದ ರಾಜವಂಶದ ಉಲ್ಲೇಖವು ಮೋವಾಬಿನ ಕಲ್ಲಿನಲ್ಲಿಯೂ ದೊರೆತಂತಾಗುವುದು. ೨೦೧೯ರಲ್ಲಿ ಫಿಂಕೆಲ್‌ಸ್ಟೈನ್, ನಆಮಾನ್, ರೋಮರ್ ಎಂಬ ಮೂವರು ವಿದ್ವಾಂಸರು ಅದನ್ನೊಪ್ಪದೆ, ಅಲ್ಲಿರುವುದು ಒಬ್ಬ ವ್ಯಕ್ತಿಯ ಹೆಸರೆಂದೂ ಪ್ರಾಯಶಃ ಅದು ಬಾಲಾಕನೆಂದೂ ವಾದಿಸಿದರು. ಲೆಮೇರ್ ಅವರ ಪಕ್ಷದವರು ಹೊಸ ಛಾಯಾಚಿತ್ರಗಳನ್ನು ಮುಂದಿಟ್ಟು ಪ್ರತ್ಯುತ್ತರ ಕೊಟ್ಟಿದ್ದಾರೆ. ಗಮನಿಸಬೇಕಾದುದೇನೆಂದರೆ, ಈ ವಾದದಲ್ಲಿ ಎರಡು ಪಕ್ಷದವರೂ ಕಲ್ಲಿನೊಡನೆ ಆಶ್ರಯಿಸುತ್ತಿರುವುದು ೧೮೬೯ರಲ್ಲಿ ಕಲಹದ ನಡುವೆ ಕಿತ್ತುತಂದ ಆ ಹರಿದ ಕಾಗದವನ್ನೇ.

ಮೇಷನ ಕಲ್ಲು ಬೈಬಲ್ಲನ್ನು ನಿಜವೆಂದು ಸ್ಥಾಪಿಸಿತೆಂದು ಕೆಲವರೂ, ಸುಳ್ಳೆಂದು ತೋರಿಸಿತೆಂದು ಕೆಲವರೂ ಹೇಳಿದ್ದುಂಟು. ಎರಡೂ ಆತುರದ ಮಾತುಗಳು. ಕಲ್ಲು ನ್ಯಾಯಾಧಿಪತಿಯಲ್ಲ, ಅದೂ ಒಬ್ಬ ಸಾಕ್ಷಿ, ತನ್ನ ಪಕ್ಷವನ್ನು ಬಿಡದ ಸಾಕ್ಷಿ. ಅಂಥ ಇಬ್ಬರು ಸಾಕ್ಷಿಗಳು ತಮಗೆ ಹಿತವಲ್ಲದುದನ್ನು ಒಪ್ಪಿಕೊಂಡ ಎಡೆಯಲ್ಲಿಯೇ ಚರಿತ್ರೆಯ ಗಟ್ಟಿನೆಲವು ದೊರೆಯುತ್ತದೆ: ಗಾದ್ಯರ ಪುರಾತನ ನಿವಾಸವನ್ನು ಮೇಷನು ಒಪ್ಪಿಕೊಂಡನು, ತಮ್ಮ ಸೈನ್ಯವು ಹಿಂತೆರಳಿದುದನ್ನು ಇಸ್ರಾಯೇಲರ ಗ್ರಂಥಕಾರನು ಒಪ್ಪಿಕೊಂಡನು. ಅಷ್ಟನ್ನಾದರೂ ನಾವಿಂದು ಓದಬಲ್ಲೆವಾದರೆ, ಅದು ಕಲ್ಲಿಗಿಂತ ಮೊದಲು ಅಕ್ಷರಗಳನ್ನು ಉಳಿಸಬೇಕೆಂದು ತೆಗೆದ ಒಂದು ಅಚ್ಚಿನ ಉಪಕಾರ. ಶಾಸನವು ಎಲ್ಲಿಯೇ ಕಾಣಲಿ, ಅದು ಯಾರ ಸೊತ್ತೆಂಬ ವಿವಾದಕ್ಕೆ ಮೊದಲು ಅದರ ಪಡಿಯಚ್ಚು ಆಗಬೇಕೆಂಬ ಪಾಠವನ್ನು ದೀಬೋನಿನ ಒಡೆದ ಕಲ್ಲು ಕಲಿಸುತ್ತದೆ.