ಅನ್ನಾ ಲಿವಿಯಾ ಪ್ಲೂರಾಬೆಲ್: ಹೆಸರಿನ ಅರ್ಥಪದರಗಳು

ಜೇಮ್ಸ್ ಜಾಯ್ಸ್‌ನ ‘ಫಿನೆಗನ್ಸ್ ವೇಕ್’ (1939) ಕೃತಿಯ ನಾಯಕಿ ಅನ್ನಾ ಲಿವಿಯಾ ಪ್ಲೂರಾಬೆಲ್ ಹೆಣ್ಣೂ ಹೌದು, ಡಬ್ಲಿನ್ನಿನ ಲಿಫಿ ನದಿಯೂ ಹೌದು. ನದಿಯನ್ನು ಸೂಚಿಸುವ ಐರಿಷ್ ಪದವು ಇಂಗ್ಲಿಷ್ ಕಿವಿಗೆ ಸ್ತ್ರೀನಾಮವಾಗಿ ಕೇಳಿಸಿ, ಜಾಯ್ಸ್‌ಗಿಂತ ಮೊದಲೇ ‘ಅನ್ನಾ ಲಿಫಿ’ ಎಂಬ ರೂಪ ಬಳಕೆಯಲ್ಲಿತ್ತು. ‘ಲಿವಿಯಾ’ದಲ್ಲಿ ನದಿಯ ಹೆಸರಿನೊಡನೆ ಟ್ರಿಯೆಸ್ಟೆಯ ಕಾದಂಬರಿಕಾರ ಇಟಾಲೊ ಸ್ವೆವೊನ ಪತ್ನಿಯ ಹೆಸರೂ ಬೆರೆತಿದೆ, ಆಕೆಯ ನೀಳಕೇಶ ಪ್ರವಾಹದ ಪ್ರತಿಮೆಯಾಯಿತು. ‘ಪ್ಲೂರಾಬೆಲ್’ನಲ್ಲಿ ಬಹುತ್ವವಾಚಿ ಲ್ಯಾಟಿನ್ ಪದವೂ ‘ಸುಂದರಿ’ ಎಂಬರ್ಥದ ಫ್ರೆಂಚ್ ಪದವೂ ಬೆಸೆದಿವೆ.

ಹೀಗೆ ಜಾನಪದ ನಿರುಕ್ತಿ, ವ್ಯಕ್ತಿಸ್ಮರಣೆ, ಪದಸಂಯೋಗ ಎಂಬ ಮೂರು ಭಿನ್ನ ಪ್ರಕ್ರಿಯೆಗಳು ಒಂದೇ ಹೆಸರಿನಲ್ಲಿ ಕೂಡಿವೆ. ಕನ್ನಡ ಲಿಪ್ಯಂತರದಲ್ಲಿ ಧ್ವನಿ ಉಳಿದರೂ ಇವು ಮರೆಯಾಗುತ್ತವೆ. ಬದಲಿಗೆ ಮೂಲದಲ್ಲಿಲ್ಲದ ‘ಅನ್ನ’ದ ಅರ್ಥಚ್ಛಾಯೆ ನುಸುಳುತ್ತದೆ. ಆದುದರಿಂದ ಧ್ವನಿಗಿಂತ ಮೊದಲು ಯಾವ ಪದರವನ್ನು ಉಳಿಸಬೇಕೆಂಬುದನ್ನು ಅನುವಾದಕರು ನಿರ್ಧರಿಸಬೇಕಾಗುತ್ತದೆ.